ಅಂಚಿನಲ್ಲಿ ಹೆಬ್ಬೆರಳು

ಇದರಲ್ಲೂ ಹೆಬ್ಬೆರಳು.

ಕಾಗದ ಹಾರದಿರಲಿ ಎಂದು ಅಂಚನ್ನು ಒತ್ತಿ ಹಿಡಿದ ಹೆಬ್ಬೆರಳು. ಉಗುರಿನ ಸಂದಿಯಲ್ಲಿ ಕೊಳೆಯೋ ಮಸಿಯೋ. ಯಾವುದೋ ವೈದ್ಯರ ಸಹಿ ಅರ್ಧ ಕಾಣುತ್ತಿತ್ತು, ಉಳಿದರ್ಧ ಬೆರಳಿನಡಿ. ಅವನು ಪರದೆಯ ಮೇಲಿನ ಆ ಫೋಟೋವನ್ನು ಮುಚ್ಚಿ ಮುಂದಿನದನ್ನು ತೆರೆದ. ಅಡ್ಡ ಮಲಗಿದ ಪ್ರಮಾಣಪತ್ರ. ಓದಬೇಕಾದರೆ ತಲೆಯನ್ನು ಭುಜಕ್ಕೆ ಒರಗಿಸಬೇಕು. ಅದರ ಮುಂದಿನದು ಬರೀ ಕತ್ತಲು, ಜೇಬಿನೊಳಗೇ ಫೋಟೋ ತೆಗೆದಂತೆ. ನಾಲ್ಕನೆಯದರಲ್ಲಿ ಕಾಗದವೇ ಇಲ್ಲ. ಒಂದು ಬೆಕ್ಕು ಕೂತಿತ್ತು.

"ಥೂ," ಎಂದ. ಬೆಕ್ಕಿಗಲ್ಲ.

ಇಪ್ಪತ್ತು ನೋಡಬೇಕಿತ್ತು. ಕಚೇರಿಯ ನಿಯಮ ಹಾಗಿತ್ತು: ಯಾವ ಫೋಲ್ಡರನ್ನು ಪೂರ್ತಿ ಅಳಿಸುವ ಮುಂಚೆಯೂ ತಾಂತ್ರಿಕ ವಿಭಾಗದವರು ಅದರಲ್ಲಿ ಇಪ್ಪತ್ತು ಫೈಲನ್ನು ಕಣ್ಣಾರೆ ನೋಡಿ, 'ಇದರಲ್ಲಿ ಉಪಯುಕ್ತವಾದದ್ದು ಏನೂ ಇರುವುದಿಲ್ಲ' ಎಂಬ ಕಾಗದಕ್ಕೆ ಸಹಿ ಹಾಕತಕ್ಕದ್ದು. ತಾಂತ್ರಿಕ ವಿಭಾಗ ಎಂದರೆ ಅವನೊಬ್ಬನೇ. ಮೂರು ವರ್ಷದ ಹಿಂದೆ ನಾಲ್ಕು ಜನ ಇದ್ದರು. ಮೂವರು ಒಬ್ಬರ ಹಿಂದೊಬ್ಬರು ಬಿಟ್ಟು ಹೋದರು, ಬಾಗಿಲ ಮೇಲಿನ ಫಲಕ ಮಾತ್ರ ಹಾಗೇ ಉಳಿಯಿತು.

ಫೋಲ್ಡರಿಗೆ 'ಅನಾಥ' ಎಂದು ಹೆಸರಿಟ್ಟವನೂ ಅವನೇ. ಹದಿನಾಲ್ಕು ಇಲಾಖೆಗಳ ಅರ್ಜಿಗಳನ್ನು ಆ ಕಚೇರಿ ಒಂದೇ ಫಾರಂನಲ್ಲಿ ತೆಗೆದುಕೊಳ್ಳುತ್ತಿತ್ತು. ಫಾರಂನ ಜೊತೆ ಜನ ಲಗತ್ತಿಸುವ ಫೈಲು ಮೊದಲು ಬಂದು ಕೂರುವುದು ಒಂದು ತಾತ್ಕಾಲಿಕ ಜಾಗದಲ್ಲಿ. ಫಾರಂ ಒಪ್ಪಿಗೆಯಾದರೆ ಅದನ್ನು ಅಲ್ಲಿಂದ ಎಬ್ಬಿಸಿ, ಅರ್ಜಿಯ ಸಂಖ್ಯೆಗೆ ಕಟ್ಟಿ, ಕಾಯಂ ಜಾಗಕ್ಕೆ ಕಳಿಸುವುದು ಫಾರಂಗಳಿಗೆ ಅಡಿಪಾಯವಾದ ಸಿದ್ಧ ತಂತ್ರಾಂಶದ, ಅಂದರೆ ಫ್ರೇಮ್‌ವರ್ಕಿನ ಕೆಲಸ. ಯಾವ ಅರ್ಜಿಯೂ ತನ್ನದೆನ್ನದೆ ಉಳಿದವು ಅನಾಥ. ಅವನ್ನು ದಿನಕ್ಕೊಮ್ಮೆ ಗುಡಿಸಿ ಹಾಕುವ ಏರ್ಪಾಡೂ ಫ್ರೇಮ್‌ವರ್ಕಿನಲ್ಲೇ ಇತ್ತು. ಮೊದಲ ವಾರ ಏನೋ ಪರೀಕ್ಷೆಗೆಂದು ಅವನು ಅದನ್ನು ನಿಲ್ಲಿಸಿದ್ದ, ಮತ್ತೆ ಶುರು ಮಾಡುವುದನ್ನು ಮರೆತಿದ್ದ. ಮೂರು ವರ್ಷ ಯಾರೂ ಕೇಳಲಿಲ್ಲ. ಈಗ ಡಿಸ್ಕು ತುಂಬಿ ಬಿರಿಯುವಂತಾಗಿತ್ತು. ಒಟ್ಟು ಫೈಲು ನಲವತ್ತೊಂದು ಸಾವಿರದ ಇನ್ನೂರ ಹದಿನಾರು.

ಅರ್ಜಿ ಹಾಕುವವರನ್ನು ಅವನು ಮನಸ್ಸಿನಲ್ಲಿ ಹೆಬ್ಬೆಟ್ಟುಗಳು ಎನ್ನುತ್ತಿದ್ದ. ಕೈಯಲ್ಲಿ ಫೋನಿದೆ, ಬೆರಳಿದೆ, ನಡುವೆ ತಲೆಯಿಲ್ಲ. ಗಣಿತದಲ್ಲಿ ಮೊದಲ ದರ್ಜೆ ಪಡೆದ ತಾನು ಇವರ ಅಡ್ಡ ಮಲಗಿದ ಕಾಗದಗಳನ್ನು ನೆಟ್ಟಗೆ ನಿಲ್ಲಿಸುತ್ತಾ ನಲವತ್ತನ್ನು ದಾಟಿದೆನಲ್ಲ ಎಂಬುದು ಅವನ ಕೊರಗು. ಅವನ ಕೋಡು ಅಚ್ಚುಕಟ್ಟಾಗಿತ್ತು, ಸಾಲುಗಳು ಎಳೆದ ದಾರದಂತೆ ನಿಂತಿದ್ದವು. ಅದನ್ನು ಓದಿ ಭೇಷ್ ಎನ್ನುವವರು ಆ ಕಟ್ಟಡದಲ್ಲಿ ಒಬ್ಬರೂ ಇರಲಿಲ್ಲ. ಆ ಕೊರಗಿನಲ್ಲೇ ಅವನು ಎಡಗೈ ಹೆಬ್ಬೆರಳಿನ ಉಗುರು ಕಚ್ಚುತ್ತಿದ್ದ. ಕಚ್ಚಿ ಕಚ್ಚಿ ಅದು ಚಂದ್ರನ ತುಣುಕಿನಷ್ಟು ಉಳಿದಿತ್ತು.

ಮೇಜಿನ ಮೇಲೆ ಫೋನು ನಡುಗಿತು. ಅಕ್ಕ.

"ಇವತ್ತೇ ಕೊನೆ ದಿನ ಕಣೋ." ಅವಳ ಹಿಂದೆ ಹೊಲಿಗೆ ಮೆಷಿನ್ನಿನ ಸದ್ದು ನಿಂತಿತು.

"ಗೊತ್ತು."

"ಐದು ಗಂಟೆವರೆಗೆ ಅಂತ ಹಾಕಿದಾರೆ."

"ಗೊತ್ತಕ್ಕಾ."

"ಒಂದು ಸಲ ನೋಡ್ತೀನಿ ಅಂದಿದ್ದೆ ನೀನು."

"ಕೆಲಸದಲ್ಲಿದೀನಿ."

"ಅದೇ ಕೆಲಸದಲ್ಲಿ ತಾನೆ ನೋಡ್ಬೇಕಾಗಿರೋದು?"

ಅಕ್ಕನ ಮಗಳಿಗೆ ಕಿವಿ ಕೇಳುತ್ತಿರಲಿಲ್ಲ. ಇನ್ನೆರಡು ತಿಂಗಳಿಗೆ ಎಂಟು ತುಂಬುತ್ತದೆ. ಅಂಥ ಮಕ್ಕಳಿಗೆ ಮಾತು ಕಲಿಸುವ ಶಾಲೆ ಇದ್ದದ್ದು ಒಂದು, ಎಂಟು ತುಂಬಿದವರನ್ನು ಅದು ಸೇರಿಸಿಕೊಳ್ಳುತ್ತಿರಲಿಲ್ಲ. ನಾಲ್ಕು ತಿಂಗಳ ಹಿಂದೆ ಅಕ್ಕ ಅರ್ಜಿ ಹಾಕಿದ್ದಳು. 'ಅಗತ್ಯ ದಾಖಲೆ ಲಗತ್ತಿಸಿರುವುದಿಲ್ಲ' ಎಂಬ ಒಂದು ಸಾಲಿನೊಂದಿಗೆ ಅದು ತಿರಸ್ಕೃತವಾಗಿತ್ತು. ಆಗ ಅವಳು ಮೂರು ಸಲ ಫೋನು ಮಾಡಿದ್ದಳು. ಮೂರನೇ ಸಲ ಅವನು ಹೇಳಿದ್ದ: "ನೀನು ಲಗತ್ತಿಸಿಲ್ಲ. ಕಂಪ್ಯೂಟರ್ ಯಾಕೆ ಸುಳ್ಳು ಹೇಳುತ್ತೆ? ಅದಕ್ಕೇನು ನಿನ್ನ ಮೇಲೆ ಹಗೆಯಾ?"

ಇವತ್ತು ಮೇಲ್ಮನವಿಗೆ ಕೊನೆಯ ದಿನ. ಹೊಸ ದಾಖಲೆ ತೆಗೆದುಕೊಳ್ಳುವುದಿಲ್ಲ. ಹಳೆಯದು ಅವಧಿಯೊಳಗೇ ತಲುಪಿತ್ತು ಎಂದು ತಾಂತ್ರಿಕ ವಿಭಾಗ ಬರೆದುಕೊಟ್ಟರೆ ಮಾತ್ರ ಉಂಟು. ಅಂಥ ಪತ್ರವನ್ನು ಅವನು ಇದುವರೆಗೆ ಯಾರಿಗೂ ಕೊಟ್ಟಿರಲಿಲ್ಲ. ಕೇಳಿದವರಿಗೆಲ್ಲ ಕಳಿಸಲು ಒಂದು ಸಿದ್ಧ ಉತ್ತರವಿತ್ತು.

"ನಾನು ಹಾಕಿದ್ದೆ ಕಣೋ," ಎಂದಳು ಅಕ್ಕ. "ಆ ಮಂಗಳವಾರ, ಮೂರು ಗಂಟೆ ಸುಮಾರಿಗೆ. ಮಗು ಮಲಗಿತ್ತು. ಒಂದು ಸಲ ವಾಪಸ್ ಬಂತು, ಹುಟ್ಟಿದ ದಿನ ತುಂಬಿರಲಿಲ್ಲ ಅಂತ. ತುಂಬಿ ಮತ್ತೆ ಕಳಿಸ್ದೆ. ಫೈಲಿನ ಹೆಸರು ಅಲ್ಲೇ ಇತ್ತು, ನೀಲಿ ಬಣ್ಣದಲ್ಲಿ. ನನಗೇನು ಕಣ್ಣು ಕಾಣಲ್ವಾ?"

"ನೋಡ್ತೀನಿ ಬಿಡು."

"ನೀನೇ ಹಾಕಿಬಿಡೋ ಆ ಮೇಲ್ಮನವಿನ. ನನ್ನ ಕೈಗೆ ಅದು ಹತ್ತಲ್ಲ."

"ನೋಡ್ತೀನಿ ಅಂದ್ನಲ್ಲಾ."

ಅವನು ನೋಡಿದ್ದು ಅಕ್ಕನ ಮೇಲಿನ ಪ್ರೀತಿಯಿಂದಲ್ಲ. ಅವಳು ಹಾಕಿಯೇ ಇಲ್ಲ ಎಂದು ರುಜುವಾತು ಮಾಡಿ, ಸಂಜೆ ಒಂದು ಮಾತಿನಲ್ಲಿ ಮುಗಿಸಿಬಿಡುವ ಹುಮ್ಮಸ್ಸಿನಿಂದ. ಹೇಗೂ ಇಪ್ಪತ್ತು ನೋಡಬೇಕು, ಆ ಮಂಗಳವಾರದ್ದನ್ನೇ ನೋಡಿದರಾಯಿತು. ದಿನಾಂಕ ಕೊಟ್ಟು ಹುಡುಕಿದ. ಆ ಮಧ್ಯಾಹ್ನದವು ಅರವತ್ತೆರಡು ಬಂದವು, ಪರದೆಯ ತುಂಬ ಸಣ್ಣ ಸಣ್ಣ ಚೌಕಗಳಾಗಿ.

ಹೆಬ್ಬೆರಳು, ಹೆಬ್ಬೆರಳು, ಊಟದ ಮೇಜಿನ ಮೂಲೆ, ಹೆಬ್ಬೆರಳು. ಅವನ ಕೈ ಹನ್ನೊಂದನೆಯದರ ಮೇಲೆ ನಿಂತಿತು.

ಕಾಗದದಲ್ಲಿ ಏನಿದೆ ಎಂದು ಓದುವ ಮುಂಚೆಯೇ ಅವನಿಗೆ ಬೆರಳಿನ ಗುರುತು ಸಿಕ್ಕಿತ್ತು. ಉಗುರು ನಡುವೆ ಸೀಳಿ ಎರಡಾಗಿ ಬೆಳೆದಿತ್ತು. ಅಕ್ಕನಿಗೆ ಹದಿನಾರಾಗಿದ್ದಾಗ ಮೆಷಿನ್ನಿನ ಸೂಜಿ ಹೆಬ್ಬೆರಳನ್ನು ತೂರಿ ಇಳಿದಿತ್ತು. ಗಾಯ ಮಾಯ್ದ ಮೇಲೆ ಉಗುರು ಹೀಗೆ ಬಂತು. ಆಗ ಎಂಟು ವರ್ಷದವನಾಗಿದ್ದ ಅವನು ಗೆಳೆಯರನ್ನು ಮನೆಗೆ ಕರೆತಂದು ಎರಡು ಉಗುರಿನ ಬೆರಳು ತೋರಿಸುತ್ತಿದ್ದ. ನೋಡಿದ್ದಕ್ಕೆ ತಲೆಗೊಂದು ಗೋಲಿ ವಸೂಲಿ. ಅಕ್ಕ ನಗುತ್ತಾ ಕೈ ಚಾಚುತ್ತಿದ್ದಳು.

ಬೆರಳಿನ ಪಕ್ಕದಲ್ಲಿ ಕಿವಿಯ ಪರೀಕ್ಷೆಯ ವರದಿ, ಮಗುವಿನ ವಯಸ್ಸು, ಎಡದಿಂದ ಬಲಕ್ಕೆ ಇಳಿಯುತ್ತಾ ಹೋಗಿ ಕೆಳಗಿನ ಗೆರೆಯ ಬಳಿ ಮುಗಿಯುವ ಒಂದು ಗ್ರಾಫು. ಕಾಗದದಡಿ ಕತ್ತರಿಸಿದ ಬಟ್ಟೆಯ ಚೂರುಗಳು. ಫೈಲು ಬಂದ ವೇಳೆ: ಮಂಗಳವಾರ, ಮೂರು ಗಂಟೆ ಏಳು ನಿಮಿಷ.

ಮೊದಲು ಬಂದದ್ದು ಸಿಟ್ಟು, ಅದೂ ಅಕ್ಕನ ಮೇಲೆ. ಹೆತ್ತ ಮಗುವಿನ ಹುಟ್ಟಿದ ದಿನವನ್ನು ಮೊದಲ ಸಲಕ್ಕೇ ತುಂಬಲು ಇವಳಿಗೇನಾಗಿತ್ತು?

ಉಳಿದ ಅರವತ್ತೊಂದರಲ್ಲಿ ಹನ್ನೆರಡನ್ನು ಆರಿಸಿ, ಅದೇ ಹೊತ್ತಿನಲ್ಲಿ ಬಂದು ದಾಖಲಾದ ಅರ್ಜಿಗಳ ಜೊತೆ ಹೋಲಿಸಿದ. ಹನ್ನೊಂದಕ್ಕೆ ಜೋಡಿ ಸಿಕ್ಕಿತು. ಅರ್ಜಿಯಲ್ಲಿ ಫೈಲಿನ ಹೆಸರಿದೆ, ಫೈಲಿಲ್ಲ, ಅನಾಥದಲ್ಲಿ ಫೈಲಿದೆ. ಹನ್ನೊಂದು ಅರ್ಜಿಗೂ ಕೆಳಗೆ ಒಂದೇ ಷರಾ, ಲಗತ್ತಿಸಿರುವುದಿಲ್ಲ. ಹನ್ನೆರಡನೆಯದು ನಿಜವಾಗಿಯೂ ಕಸ. ಅದು ಆ ಬೆಕ್ಕಿನದೇ ಇನ್ನೊಂದು ಫೋಟೋ.

ಅವನು ಫಾರಂನ ಕೋಡನ್ನು ತೆರೆದ. ತಪ್ಪು ಸಿಕ್ಕಿ ಫಾರಂ ಮರಳಿ ಹೋಗುವಾಗ, ಆಗಲೇ ಬಂದು ಕೂತ ಫೈಲಿನ ಗುರುತನ್ನು ಅದರೊಳಗೆ ಕಾಣದಂತೆ ಇಟ್ಟು ಕಳಿಸಬೇಕು. ಇಟ್ಟರೆ, ಫಾರಂ ಎರಡನೇ ಸಲ ಬಂದಾಗ ಆ ಫೈಲು ತಾನಾಗಿ ಬಂದು ಸೇರಿಕೊಳ್ಳುತ್ತದೆ. ಒಂದು ಸಾಲಿನ ಕೆಲಸ. ಆ ಸಾಲು ಅಲ್ಲಿರಲಿಲ್ಲ. ಫೈಲಿನ ಹೆಸರನ್ನು ನೀಲಿ ಅಕ್ಷರದಲ್ಲಿ ತೋರಿಸುವ ಸಾಲು ಇತ್ತು. ಫೈಲು ಇದೆಯೇ ಎಂದು ಕೇಳಬೇಕಾದ ಪರಿಶೀಲನೆ, ಹೆಸರಿದೆಯಲ್ಲ, ಸಾಕು ಎಂದು ಒಳಗೆ ಬಿಡುತ್ತಿತ್ತು.

ಬದಲಾವಣೆಗಳ ಚರಿತ್ರೆಯಲ್ಲಿ ಹುಡುಕಿದ. ಆ ಸಾಲು ಮೊದಲು ಇತ್ತು. ಯಾರೋ ಪರೀಕ್ಷಕರು, ಹೊಸ ಫೈಲು ಆರಿಸಿದರೂ ಹಳೆಯದು ಅಂಟಿಕೊಂಡಿರುತ್ತದೆ ಎಂದು ದೂರಿದ್ದರು. ನೆಟ್ಟಗೆ ಸರಿಪಡಿಸಲು ಅರ್ಧ ದಿನ ಬೇಕಿತ್ತು. ಸಾಲನ್ನೇ ಕಿತ್ತು ಹಾಕಲು ಎರಡು ಸೆಕೆಂಡು ಸಾಕಾಯಿತು. ಕಿತ್ತವನು ಕಾರಣವನ್ನೂ ಬರೆದಿದ್ದ: 'ಒಂದೇ ಸಲಕ್ಕೆ ಸರಿಯಾಗಿ ತುಂಬಲಾರದವರು ಇನ್ನೊಮ್ಮೆ ಲಗತ್ತಿಸಲಿ.'

ವಾಕ್ಯ ಚೆನ್ನಾಗಿ ಬಂದಿದೆ ಎಂದು ಅವನು ಆ ದಿನ ಅದನ್ನು ಎರಡು ಸಲ ಓದಿಕೊಂಡಿದ್ದ. ಕೆಳಗೆ ಅವನ ಹೆಸರಿತ್ತು, ದಿನಾಂಕವಿತ್ತು. ಆ ಚರಿತ್ರೆಯನ್ನು ಯಾರಿಂದಲೂ ಅಳಿಸಲಾಗುತ್ತಿರಲಿಲ್ಲ, ಏಕೆಂದರೆ ಹಾಗೆ ಏರ್ಪಾಡು ಮಾಡಿದವನೂ ಅವನೇ.

ಅವನಿಗೆ ಹೆದರಿಕೆಯಾಯಿತು. ನಾಚಿಕೆಯಾಗಬೇಕಿತ್ತು ಎಂದು ಹೊಳೆದರೂ ಆದದ್ದು ಹೆದರಿಕೆಯೇ.

ಕಾಫಿ ಯಂತ್ರದ ಹತ್ತಿರ ಸಹಾಯವಾಣಿಯ ಮೇಡಂ ನಿಂತಿದ್ದರು. ಅರ್ಜಿದಾರರ ಫೋನುಗಳನ್ನು ಎತ್ತುವ ಹೆಂಗಸು. ಕುತ್ತಿಗೆಗೆ ಹೆಡ್‌ಫೋನು ಇಳಿಬಿಟ್ಟುಕೊಂಡು, ಕಂಕುಳಲ್ಲಿ ರಿಜಿಸ್ಟರ್ ಇಟ್ಟುಕೊಂಡಿದ್ದರು. ಎರಡು ವರ್ಷದ ಹಿಂದೆ ಅವರು ಒಮ್ಮೆ ಅವನ ಕೋಣೆಗೆ ಬಂದು, ನೀಲಿ ಹೆಸರು ಕಾಣುತ್ತೆ, ಫೈಲು ಇರಲ್ಲ ಅಂತ ಬಹಳ ಜನ ಹೇಳ್ತಾರೆ ಸಾರ್ ಎಂದಿದ್ದರು. ಅದಕ್ಕವನು 'ಬಳಸುವವರ ಅಜ್ಞಾನ ನಮ್ಮ ದೋಷವಲ್ಲ' ಎಂಬ ತಲೆಬರಹದ ಪತ್ರವನ್ನು ಇಡೀ ಕಚೇರಿಗೆ ಕಳಿಸಿದ್ದ. ಆಮೇಲೆ ಅವರು ಅವನ ಕೋಣೆಗೆ ಬಂದಿರಲಿಲ್ಲ.

"ಇವತ್ತು ಅಳಿಸ್ತಾರಂತೆ ಸಾರ್?"

"ಡಿಸ್ಕು ತುಂಬಿದೆ."

"ಒಳ್ಳೇದಾಯ್ತು ಬಿಡಿ." ಅವರು ಲೋಟವನ್ನು ಯಂತ್ರದಡಿ ಇಟ್ಟರು. "ಬೆಳಗ್ಗೆಯಿಂದ ಆರು ಫೋನು ಬಂತು, ನೀಲಿ ಹೆಸರಿನವು. ಮೇಲ್ಮನವಿ ಕೊನೆ ದಿನ ಅಲ್ವಾ."

"ಏನು ಹೇಳಿದ್ರಿ?"

"ನೀವು ಬರೆದುಕೊಟ್ಟಿದ್ದನ್ನೇ. ದಯವಿಟ್ಟು ಸೂಚನೆಗಳನ್ನು ಗಮನವಿಟ್ಟು ಓದಿ."

ಯಂತ್ರ ಕೆಮ್ಮಿ ಅರ್ಧ ಲೋಟ ಸುರಿಸಿ ನಿಂತಿತು.

"ಒಬ್ಬರು ಅತ್ತುಬಿಟ್ರು ಸಾರ್. ಗಂಡಸರು, ವಯಸ್ಸಾದವರು. ನಾನು ಇನ್ನೊಂದು ಸಲ ಅದನ್ನೇ ಓದಿದೆ."

"ಮತ್ತೇನು ಮಾಡೋಕಾಗುತ್ತೆ?"

"ಏನೂ ಆಗಲ್ಲ ಸಾರ್."

"ಆ ರಿಜಿಸ್ಟರ್ ಯಾರು ನೋಡ್ತಾರೆ?"

"ಯಾರೂ ನೋಡಲ್ಲ. ಬರೀಬೇಕು ಅಂತಿದೆ, ಬರೀತೀನಿ." ಅವರು ಅವನ ಮುಖವನ್ನು ಒಂದು ಗಳಿಗೆ ನೋಡಿದರು. "ಯಾಕೆ ಸಾರ್, ನಿಮಗೆ ಬೇಕಿತ್ತಾ?"

"ಛೇ. ಸುಮ್ಮನೆ ಕೇಳ್ದೆ."

ಅವರು ನಕ್ಕರು. ಆ ನಗುವಿನಲ್ಲಿ ತನ್ನ ಬಗ್ಗೆ ಮರ್ಯಾದೆ ಎಳ್ಳಷ್ಟೂ ಇಲ್ಲವೆಂದು ಅವನಿಗೆ ಮೊದಲ ಸಲ ಕಂಡಿತು. ಬಹಳ ಹಿಂದಿನಿಂದಲೇ ಇರಲಿಲ್ಲವೇನೋ.

ಮ್ಯಾನೇಜರನ್ನು ಎಲ್ಲರೂ ಬೆನ್ನ ಹಿಂದೆ ಗ್ರಾಫು ಎನ್ನುತ್ತಿದ್ದರು. ಏರುವ ಗೆರೆ ಕಂಡರೆ ಹಿಗ್ಗಿ, ಇಳಿಯುವ ಗೆರೆ ಕಂಡರೆ ಕುಗ್ಗುವ ಮನುಷ್ಯ. ಗೆರೆ ಯಾವುದರದ್ದು ಎಂದು ಕೇಳುವ ಅಭ್ಯಾಸ ಇಟ್ಟುಕೊಂಡಿರಲಿಲ್ಲ. ಊಟದ ಹೊತ್ತು ಕಳೆದ ಮೇಲೆ ಅವನು ಅವರ ಕ್ಯಾಬಿನ್ನಿಗೆ ಹೋದ. ಹೇಳಿಬಿಡುವುದೆಂದೇ ಹೋದ. ಬಾಗಿಲು ತಟ್ಟುವವರೆಗೂ ಮಾತುಗಳು ಸಾಲಾಗಿ ಸಿದ್ಧವಿದ್ದವು.

"ಆಯ್ತಾ?" ಎಂದರು ಗ್ರಾಫು, ಪರದೆಯಿಂದ ತಲೆ ಎತ್ತದೆ.

"ಇಪ್ಪತ್ತು ನೋಡ್ತಾ ಇದೀನಿ ಸಾರ್."

"ಕಸ ತಾನೆ?"

"ಬಹುಪಾಲು... ಕೆಲವು ಮಾತ್ರ..."

"ಕೆಲವು ಏನು?"

"ಕೆಲವು ದಾಖಲೆ ಥರ ಇವೆ."

ಗ್ರಾಫು ಈಗ ತಲೆ ಎತ್ತಿದರು. ದಡ್ಡ ಎಂದು ಅವನು ಎಂಟು ವರ್ಷದಿಂದ ನಂಬಿದ್ದ ಆ ಮುಖದಲ್ಲಿ ಏನೋ ಚುರುಕಾಗಿ ಓಡಿ ಮರೆಯಾಯಿತು.

"ನೋಡ್ರೀ, ಒಂದು ಸಲ ಗೊತ್ತಾಗಿದ್ದನ್ನ ಗೊತ್ತಿಲ್ಲ ಅನ್ನೋಕಾಗಲ್ಲ. ಅದಕ್ಕೇ ಎಲ್ಲಾ ಗೊತ್ತು ಮಾಡ್ಕೋಬಾರದು. ಇಪ್ಪತ್ತು ಅಂತ ನಿಯಮ. ಇಪ್ಪತ್ತೊಂದು ಅಂತ ಇದೆಯಾ?"

"ಇಲ್ಲ ಸಾರ್."

"ಸಂಜೆ ಐದಕ್ಕೆ ಮೇಲಿನವರಿಗೆ ವರದಿ ಹೋಗ್ಬೇಕು. ನಿಮ್ಮ ಕೆಲಸ ಅಚ್ಚುಕಟ್ಟು ಅಂತ ನಾನೇ ಬರೆದಿದೀನಿ ಅದರಲ್ಲಿ."

ಅವನು "ಥ್ಯಾಂಕ್ಸ್ ಸಾರ್" ಎಂದ. ಹೊರಗೆ ಬಂದ ಮೇಲೆ ಯಾಕೆ ಹಾಗಂದೆ ಎಂದು ತನ್ನನ್ನೇ ಕೇಳಿಕೊಂಡ. ಹೊಗಳಿಕೆ ಕೇಳಿ ಖುಷಿಯಾಗಿತ್ತು, ಅದೇ ಕಾರಣ. ಗ್ರಾಫಿನ ಬಾಯಿಂದ ಬಂದರೂ ಖುಷಿಯಾಗಿತ್ತು. ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು, ಆದರೆ ಅದೂ ಕೋಣೆ ಮುಟ್ಟುವಷ್ಟರಲ್ಲಿ ಇಳಿದುಹೋಯಿತು.

ಕೂತು ಲೆಕ್ಕ ಹಾಕಿದ. ಅಕ್ಕನ ಫೈಲನ್ನು ಗುಟ್ಟಾಗಿ ಅವಳ ಅರ್ಜಿಗೆ ಕಟ್ಟಿಬಿಡಬಹುದೆ? ಕಟ್ಟಿದರೆ ಇವತ್ತಿನ ದಿನಾಂಕ ಬೀಳುತ್ತದೆ, ಕಟ್ಟಿದವನ ಹೆಸರೂ. ಬೇರೆಡೆಗೆ ನಕಲು ತೆಗೆದರೂ ಅಷ್ಟೇ. ಅದು ಆ ಮಂಗಳವಾರವೇ ಬಂದಿತ್ತು ಎನ್ನುವುದಕ್ಕೆ ಇರುವ ಸಾಕ್ಷಿ ಒಂದೇ, ಅದು ಅನಾಥದೊಳಗೆ ಇದ್ದಲ್ಲೇ ಇರುವುದು.

ಉಪಾಯ ಹೊಳೆದಾಗ ಮೂರೂವರೆ. ಅಳಿಸುವಾಗ ಯಾವುದಾದರೂ ಒಂದು ಫೈಲನ್ನು ಬಿಡು ಎಂದು ಹೇಳಲು ಬರುತ್ತಿತ್ತು. ಒಂದನ್ನು ಬಿಟ್ಟು, ಉಳಿದ ನಲವತ್ತೊಂದು ಸಾವಿರದ ಇನ್ನೂರ ಹದಿನೈದನ್ನು ಅಳಿಸಿಬಿಡುವುದು. ಅಕ್ಕನದಕ್ಕೆ ತಾನೇ ಪತ್ರ ಬರೆದುಕೊಡುವುದು. ಏನೋ ಒಂದು ತಾಂತ್ರಿಕ ಕಾರಣ, ಅಪರೂಪದ್ದು, ಒಬ್ಬರಿಗೇ ಆದದ್ದು. ಉಳಿದವರು ಯಾರೂ ಕೇಳಲಾರರು, ಕೇಳುವ ವಸ್ತುವೇ ಇರುವುದಿಲ್ಲ. ಅವನಿಗೆ ತನ್ನ ಬುದ್ಧಿಯ ಮೇಲೆ ಮತ್ತೆ ಅಭಿಮಾನ ಉಕ್ಕಿತು. ಬೆಳಗ್ಗೆಯಿಂದ ಮೊದಲ ಸಲ ಬೆನ್ನನ್ನು ಕುರ್ಚಿಗೆ ಆನಿಸಿದ.

ಎರಡು ಕಾಗದ ಮುದ್ರಿಸಿ ಮೇಜಿನ ಮೇಲಿಟ್ಟ. ಒಂದರಲ್ಲಿ 'ಅನಾಥ' ಫೋಲ್ಡರಿನಲ್ಲಿ ಉಪಯುಕ್ತವಾದದ್ದು ಏನೂ ಇರುವುದಿಲ್ಲ ಎಂದಿತ್ತು. ಇನ್ನೊಂದರಲ್ಲಿ ಸದರಿ ಅರ್ಜಿದಾರರ ದಾಖಲೆಯು ಅವಧಿಯೊಳಗೆ ತಲುಪಿ 'ಅನಾಥ' ಫೋಲ್ಡರಿನಲ್ಲಿ ಇರುತ್ತದೆ ಎಂದಿತ್ತು. ಒಂದು ನಿಜವಾದರೆ ಇನ್ನೊಂದು ಸುಳ್ಳು. ಎರಡಕ್ಕೂ ತಾಂತ್ರಿಕ ವಿಭಾಗದ ಸಹಿ ಬೇಕಿತ್ತು. ಎರಡನ್ನೂ ಒಬ್ಬರೇ ಓದುವಷ್ಟು ಶ್ರದ್ಧೆಯ ಮನುಷ್ಯ ಈ ಕಟ್ಟಡದಲ್ಲಿಲ್ಲ ಎಂದು ಅವನಿಗೆ ಭರವಸೆಯಿತ್ತು. ಒಂದೇ ಪೆನ್ನಿನಿಂದ ಎರಡಕ್ಕೂ ಸಹಿ ಹಾಕಿದ. ಎರಡನೆಯ ಸಹಿ ಮೊದಲಿನದಕ್ಕಿಂತ ಸ್ವಲ್ಪ ಚೆನ್ನಾಗಿಯೇ ಬಂತು.

ಸ್ಕ್ಯಾನರಿನ ಕೋಣೆಗೆ ಬೀಗ ಬಿದ್ದಿತ್ತು. ಬೀಗದ ಕೈ ಇಟ್ಟುಕೊಂಡವನು ರಜೆ. ಗಂಟೆ ನಾಲ್ಕೂ ಮುಕ್ಕಾಲು. ಪತ್ರವನ್ನು ಮೇಜಿನ ಮೇಲೆ ಹರಡಿ ಫೋನಿನಲ್ಲೇ ಫೋಟೋ ತೆಗೆಯಲು ಹೋದ. ಫ್ಯಾನಿನ ಗಾಳಿಗೆ ಅದು ಎದ್ದೆದ್ದು ಬರುತ್ತಿತ್ತು. ಫ್ಯಾನು ಆರಿಸಲು ಬಾಗಿಲವರೆಗೆ ಹೋಗಬೇಕು. ಎಡಗೈಯಲ್ಲಿ ಒತ್ತಿ ಹಿಡಿದು ತೆಗೆದ.

ಮೇಲ್ಮನವಿಯ ಫಾರಂ ತೆರೆದ. ತಾನೇ ಬರೆದ ಫಾರಮ್ಮನ್ನು ಅವನು ಒಮ್ಮೆಯೂ ಹೊರಗಿನವನಾಗಿ ತುಂಬಿರಲಿಲ್ಲ. ಪ್ರಶ್ನೆಗಳು ಒರಟಾಗಿದ್ದವು. ಪೆಟ್ಟಿಗೆಗಳು ಸಣ್ಣವು, ನಕ್ಷತ್ರ ಚಿಹ್ನೆಗಳು ಎಲ್ಲೆಲ್ಲೂ. ಅಕ್ಕನ ಅರ್ಜಿ ಸಂಖ್ಯೆ, ಮಗುವಿನ ಹುಟ್ಟಿದ ದಿನ, ಕಾರಣ, ಪತ್ರದ ಫೋಟೋ. ಕಳಿಸು ಎಂದು ಒತ್ತಿದ.

ಮರಳಿ ಬಂತು. ಒಂದು ಸಾಲು ಕೆಂಪಾಗಿತ್ತು. 'ಅರ್ಜಿದಾರರೊಂದಿಗೆ ಸಂಬಂಧ: ಇದನ್ನು ಖಾಲಿ ಬಿಡುವಂತಿಲ್ಲ.'

"ಏನ್ರೀ, ಇನ್ನೂ ಶುರು ಮಾಡಿಲ್ವಾ?"

ಗ್ರಾಫು ಬಾಗಿಲಲ್ಲಿ ನಿಂತಿದ್ದರು. ಉತ್ತರಕ್ಕೆ ಕಾಯದೆ ಒಳಗೆ ಬಂದು ಮೇಜಿನ ಮೇಲಿದ್ದ ಮೊದಲ ಕಾಗದವನ್ನು ಎತ್ತಿಕೊಂಡರು. ಎರಡನೆಯದರ ಮೇಲೆ ಅವನು ಮೊಣಕೈ ಊರಿದ. ಅವರು ಕಿಟಕಿಯ ಬೆಳಕಿಗೆ ಹಿಡಿದು ಸಹಿಯನ್ನಷ್ಟೇ ನೋಡಿದರು.

"ಏನದು, ಫಾರಂ?"

"ಸುಮ್ಮನೆ ಪರೀಕ್ಷೆ ಸಾರ್. ಒಂದು ನಿಮಿಷ."

ಸಂಬಂಧದ ಪಟ್ಟಿಯನ್ನು ಇಳಿಸಿದ. ತಂದೆ, ತಾಯಿ, ಪೋಷಕರು, ಇತರೆ. ಮಾವನಿಗೆ ಜಾಗ ಇರಲಿಲ್ಲ; ಪಟ್ಟಿ ನಾಲ್ಕಕ್ಕೇ ಮುಗಿದರೆ ನೋಡಲು ಚೆನ್ನ ಎಂದು ಅವನೇ ಉಳಿದವನ್ನು ತೆಗೆದಿದ್ದ. 'ಇತರೆ' ಆರಿಸಿದ. ಕೆಳಗೆ ಪತ್ರದ ಹೆಸರು ನೀಲಿ ಅಕ್ಷರದಲ್ಲಿ ಇತ್ತು. ಇದೆಯಲ್ಲ, ಎಂದುಕೊಂಡ. ಗ್ರಾಫಿನ ಉಸಿರು ಭುಜಕ್ಕೆ ತಾಗುತ್ತಿತ್ತು. ಕಳಿಸು ಎಂದು ಒತ್ತಿದ.

'ನಿಮ್ಮ ಮನವಿ ಸ್ವೀಕೃತವಾಗಿದೆ. ಲಗತ್ತು: ಒಂದು.'

"ಇದನ್ನ ನಾನು ತಗೊಂಡು ಹೋಗಿರ್ತೀನಿ," ಎಂದರು ಗ್ರಾಫು, ಕಾಗದವನ್ನು ಮಡಚುತ್ತಾ. "ಗುಂಡಿ ಒತ್ತಿ ಬನ್ನಿ. ಆಗಲೇ ಐದಾಗ್ತಾ ಬಂತು."

ಅವರ ಚಪ್ಪಲಿಯ ಸದ್ದು ಪಡಸಾಲೆಯಲ್ಲಿ ಕರಗಿದ ಮೇಲೆ ಅವನು ಒಂದು ನೆಮ್ಮದಿಯ ಉಸಿರು ಬಿಟ್ಟ. ಅರ್ಧ ಬಿಟ್ಟಿದ್ದ ಉಸಿರು ಅಲ್ಲೇ ನಿಂತಿತು.

ಫಾರಂ ಮರಳಿ ಬಂದ ಮೇಲೆ ಅವನು ಪತ್ರವನ್ನು ಮತ್ತೆ ಲಗತ್ತಿಸಿರಲಿಲ್ಲ.

ನೀಲಿ ಹೆಸರನ್ನು ನೋಡಿದ್ದ, ನಂಬಿದ್ದ. ಅದರ ಹಿಂದೆ ಏನೂ ಇಲ್ಲವೆಂದು ಇಡೀ ಲೋಕದಲ್ಲಿ ಗೊತ್ತಿದ್ದ ಒಬ್ಬನೇ ಒಬ್ಬ ಮನುಷ್ಯ, ಗೊತ್ತಾಗಿ ಆರು ತಾಸೂ ಆಗಿರದೆ, ನಂಬಿದ್ದ. ಫಾರಮ್ಮನ್ನು ಮತ್ತೆ ತೆರೆಯಲು ಹೋದ. ಬೂದು ಬಣ್ಣದ ಪುಟ ಬಂತು. 'ಈ ಸೇವೆಯ ಅವಧಿ ಮುಗಿದಿದೆ. ದಯವಿಟ್ಟು ಸೂಚನೆಗಳನ್ನು ಗಮನವಿಟ್ಟು ಓದಿ.'

ಇನ್ನು ಬೇರೆ ದಾರಿ ಒಂದೇ. ಪತ್ರ ಐದರೊಳಗೇ ಬಂದಿತ್ತು, ಫಾರಂ ಅದನ್ನು ಕಳೆದುಹಾಕಿತು ಎಂದು ಹೇಳಬೇಕು. ಹೇಗೆ ಕಳೆದುಹಾಕಿತು ಎಂದು ಹೇಳದೆ ಅದನ್ನು ಹೇಳಲಾಗುವುದಿಲ್ಲ. ಅದನ್ನು ಹೇಳಿದರೆ ನಲವತ್ತೊಂದು ಸಾವಿರವನ್ನೂ ಹೇಳಿದಂತೆ, ಆ ಚೆಂದದ ವಾಕ್ಯವನ್ನೂ ಅದರಡಿಯ ಹೆಸರನ್ನೂ. ಹೇಳದಿದ್ದರೆ ಇನ್ನೆರಡು ತಿಂಗಳಿಗೆ ಮಗುವಿಗೆ ಎಂಟು ತುಂಬುತ್ತದೆ. ಯಾರೊಬ್ಬರೂ ಏನೊಂದೂ ಕೇಳುವುದಿಲ್ಲ.

ಅಳಿಸುವ ಕಿಟಕಿ ಪರದೆಯ ಮೇಲೆ ತೆರೆದೇ ಇತ್ತು. ಅಭ್ಯಾಸಬಲದಿಂದ ಸಂಖ್ಯೆಯ ಮೇಲೆ ಕಣ್ಣಾಡಿಸಿದ. ನಲವತ್ತೊಂದು ಸಾವಿರದ ಇನ್ನೂರ ಹದಿನೇಳು.

ಒಂದು ಹೆಚ್ಚಾಗಿತ್ತು. ಎಲ್ಲಕ್ಕಿಂತ ಹೊಸದು ಮೊದಲು ಕಾಣುವಂತೆ ಸಾಲು ತಿರುಗಿಸಿದ. ಚೌಕಗಳು ಒಂದೊಂದಾಗಿ ತುಂಬಿಕೊಂಡವು. ಮೊದಲನೆಯ ಚೌಕದಲ್ಲಿ ಓರೆಯಾಗಿ ತೆಗೆದ ಒಂದು ಕಾಗದ, ಅಂಚಿನಲ್ಲಿ ಹೆಬ್ಬೆರಳು, ಸಹಿಯ ಅರ್ಧ ಬೆರಳಿನಡಿಗೆ. ಮತ್ತೊಬ್ಬ ಹೆಬ್ಬೆಟ್ಟು, ಎಂದು ತುಟಿ ಸೊಟ್ಟಗಾಯಿತು. ಒಂದು ಸಹಿಯನ್ನು ನೆಟ್ಟಗೆ ತೋರಿಸಲೂ ಬಾರದ ಜನ.

ಆಮೇಲೆ ಅವನಿಗೆ ಉಗುರು ಕಂಡಿತು. ಕಚ್ಚಿ ಕಚ್ಚಿ ಚಂದ್ರನ ತುಣುಕಿನಷ್ಟು ಉಳಿದಿತ್ತು.

ಚಿತ್ರದ ಮೇಲೆ ಕಂಪ್ಯೂಟರು ಕೇಳುತ್ತಿತ್ತು: 'ಎಲ್ಲವನ್ನೂ ಅಳಿಸಲೇ? ಹೌದು. ಇಲ್ಲ.' ಫೋನು ನಡುಗತೊಡಗಿತು. ಅಕ್ಕ. ಅವನು ಎತ್ತಲಿಲ್ಲ, ನಿಲ್ಲಿಸಲೂ ಇಲ್ಲ. ಅದು ನಡುಗುತ್ತಾ ನಡುಗುತ್ತಾ ಮೇಜಿನ ಅಂಚಿನ ಕಡೆಗೆ ಸರಿಯುತ್ತಿತ್ತು. ಫ್ಯಾನಿನಡಿ ಮೊಣಕೈಯಿಂದ ಜಾರಿದ ಪತ್ರ ಯಾವಾಗಲೋ ನೆಲಕ್ಕೆ ಬಿದ್ದಿತ್ತು. ಪರದೆಯೊಳಗಿನ ಹೆಬ್ಬೆರಳು ಮಾತ್ರ, ಉಗುರು ಬೆಳ್ಳಗಾಗುವಷ್ಟು ಬಲವಾಗಿ, ಆ ಕಾಗದ ಹಾರಿಹೋಗದಂತೆ ಒತ್ತಿ ಹಿಡಿದಿತ್ತು.